ಹನ್ನೊಂದು ಬೋಗಿಯ ಕೊಳೆ

…ಇಲ್ಲ ಕಣೇ, ನೀನು ಎದ್ದು ಬಾಗಿಲು ತೋರಿಸಿದ್ರೂ ನಾನು ಹೋಗೋಳಲ್ಲ. ಮೂರು ಮಹಡಿ ಹತ್ತಿ ಬಂದಿದ್ದೀನಿ, ಈ ಹಾಳು ಮಂಡಿ ಇಟ್ಕೊಂಡು. ಇಳಿಯೋದಾದ್ರೆ ನಿನ್ನ ಕೈ ಹಿಡ್ಕೊಂಡೇ ಇಳಿಯೋದು. ಹೊಲಿ, ನಿನ್ನ ಪಾಡಿಗೆ ನೀನು ಹೊಲಿ. ಬಾಯ್ತುಂಬ ಗುಂಡುಸೂಜಿ ಕಚ್ಕೊಂಡಿದ್ದೀಯ, ನನಗೆ ಉತ್ತರ ಕೊಡೋಕೆ ಹೋಗಿ ನುಂಗಿಬಿಟ್ಟೀಯ, ಐದು ತಿಂಗಳ ಬಸುರಿ ಬೇರೆ. ಮಾತಾಡೋದು ನಾನು. ಕೇಳೋದಕ್ಕೆ ಬಾಯೇನೂ ಬೇಡವಲ್ಲ.

ಸ್ಟೂಲು ಬೇಡ. ನಿಂತೇ ಹೇಳ್ತೀನಿ… ಹ್ಞೂ, ಕೊಡು, ಕೂತ್ಕೋತೀನಿ.

ನೋಡು, ನಿನ್ನ ಮಾವ ಊಟ ಬಿಟ್ಟು ಆರು ದಿನ ಆಯ್ತು. ಪೂರ್ತಿ ಬಿಟ್ಟಿದಾನೆ ಅಂತ ಅಲ್ಲ, ನಾನ್ಯಾಕೆ ಸುಳ್ಳು ಹೇಳ್ಲಿ, ಬೆಳಿಗ್ಗೆ ಒಂದು ಲೋಟ ಹಾಲು ಕುಡೀತಾನೆ. ಅದೂ ನಾನು ಕೋಣೆಯಿಂದ ಆಚೆ ಬಂದ ಮೇಲೆ. ನನ್ನ ತಮ್ಮ! ಸೊಂಟದ ಮೇಲೆ ಕೂರಿಸ್ಕೊಂಡು ಬೀದಿ ಬೀದಿ ತಿರುಗಿಸಿದ ತಮ್ಮ! ನನ್ನ ಕೈಯಿಂದ ಲೋಟ ಇಸ್ಕೊಳ್ಳಲ್ಲ ಅಂತಾನೆ… ಅಲ್ಲ ಅಲ್ಲ, ನನ್ನ ಕೈಯಿಂದ ಅಂತ ಅಲ್ಲ. ಯಾರ ಕೈಯಿಂದಲೂ ಇಸ್ಕೊಳ್ಳಲ್ಲ. ನನ್ನ ಮೇಲೆ ಅವನಿಗೇನು ಕೋಪ? ನನ್ನ ಮೇಲೆ ಏನೂ ಇಲ್ಲ.

ಯಾಕೆ ಹಾಗೆ ಹುಬ್ಬು ಎತ್ತಿದೆ? ನಾನು ಹೇಳ್ತಿರೋದು ನಿಜ.

ನೀನೂ ನಿನ್ನ ಗಂಡನೂ ಬಟ್ಟೆ ಗಂಟು ಕಟ್ಕೊಂಡು, ನೀನು ಕೆಲಸ ಮಾಡೋ ಈ ಹೊಲಿಗೆ ಅಂಗಡಿಯ ಅಟ್ಟಕ್ಕೆ ಬಂದು ಸೇರ್ಕೊಂಡ್ರಲ್ಲ, ಆವತ್ತಿನಿಂದ ಬೀದಿಗೆ ಹಬ್ಬದೂಟ ಸಿಕ್ಕಿದ ಹಾಗಾಗಿದೆ. ಇಸ್ತ್ರಿಯವಳು ಕೇಳ್ತಾಳೆ, "ಏನ್ರೀ, ಸೊಸೆ ಮಾವನ ಆಟದ ಸಾಮಾನು ಒಡೆದು ಹಾಕಿದ್ಲಂತೆ?" ಆಟದ ಸಾಮಾನಂತೆ! ಕೆಳಗಿನ ಮನೆ ನರ್ಸಮ್ಮ ಇನ್ನೂ ಒಂದು ಹೆಜ್ಜೆ ಮುಂದೆ, "ತೊಟ್ಟಿಲು ಇಡೋಕೆ ಜಾಗ ಬೇಕು ಅಂತ ಬೇಕಂತಲೇ ಹಾಳು ಮಾಡಿದ್ಲಂತೆ" ಅಂತ. ಇವರಿಗೆಲ್ಲ ಯಾರು ಹೇಳ್ತಾರೋ… ನನ್ನನ್ನ ಯಾಕೆ ನೋಡ್ತೀಯ? ನಾನು ಒಬ್ಬರ ಹತ್ರ ಹೇಳಿರಬಹುದು. ಇಸ್ತ್ರಿಯವಳ ಹತ್ರ. ಬಟ್ಟೆ ಕೊಡೋಕೆ ಹೋದಾಗ ಬಾಯಿಗೆ ಬಂತು, ಬಂದದ್ದು ಹೊರಗೆ ಬಿತ್ತು. ಅವಳು ಇಟ್ಕೊಳ್ಳೋ ಹೆಂಗಸು ಅಲ್ಲ ಅಂತ ನನಗೇನು ಗೊತ್ತು? ಸರಿ, ಗೊತ್ತಿತ್ತು. ಅವಳ ಗಂಡ ಯಾರ ಮನೆಯ ಅಂಗಿ ಯಾರ ಮೈಮೇಲಿದೆ ಅಂತ ಹೇಳಿದ್ದನ್ನೇ ಅವಳು ಮೂರು ಬೀದಿಗೆ ಹಂಚಿದವಳು. ಆ ಕಥೆ ಹೇಳಿಲ್ಲವಲ್ಲ ನಿನಗೆ? ಇನ್ನೊಂದು ದಿನ ಹೇಳ್ತೀನಿ, ಹೊಟ್ಟೆ ಹುಣ್ಣಾಗೋ ಹಾಗೆ ನಗ್ತೀಯ.

ನಗಲ್ವಾ. ಸರಿ.

ನಿನ್ನ ಮಾವನ ವಿಷಯಕ್ಕೆ ಬರ್ತೀನಿ. ಮೂವತ್ನಾಲ್ಕು ವರ್ಷ ರೈಲು ಕಾರ್ಖಾನೆಯಲ್ಲಿ ಬಣ್ಣ ಬಳಿದ. ಕೊಳಕಾಗಿ ಬಂದ ಬೋಗಿನ ಉಜ್ಜಿ, ತಿಕ್ಕಿ, ಬಣ್ಣ ಹೊಡೆದು, ಮದುವೆ ಹೆಣ್ಣಿನ ಥರ ಮಾಡಿ ಕಳಿಸೋದು, ಅದೇ ಅವನ ಕೆಲಸ. ಸಂಜೆ ಬಂದ್ರೆ ಕಿವಿಯೊಳಗೂ ಹಸಿರು ಬಣ್ಣ. ನಾನೇ ಎಣ್ಣೆ ಹಾಕಿ ತೆಗೀತಿದ್ದೆ. ಹಾಗಿದ್ದವನು ಪಿಂಚಣಿ ಆದ ಮೇಲೆ ಏನು ಮಾಡಿದ? ಗೇಣುದ್ದದ ಮಾದರಿ ಬೋಗಿ ಕೂಡಿಹಾಕೋಕೆ ಶುರು ಮಾಡಿದ. ಎಂಜಿನ್ ಬೇಡವಂತೆ, ಹಳಿ ಬೇಡವಂತೆ, ಓಡೋದೇ ಬೇಡವಂತೆ! ಜನ ಕೂರೋ ಬೋಗಿ ಮಾತ್ರ. ಅದರಲ್ಲೂ ಅವನು ಬಣ್ಣ ಬಳೀತಿದ್ದ ಆ ಹಳೇ ಹಸಿರು ಗಾಡಿ ಇತ್ತಲ್ಲ, ಅರವತ್ತು ವರ್ಷ ಓಡಿ ನಿಂತುಹೋಯ್ತಲ್ಲ, ಅದರದ್ದೇ ಹನ್ನೊಂದು ಬೋಗಿ. ಊಟದ ಬೋಗಿ, ಮಲಗೋ ಬೋಗಿ, ಟಪಾಲು ಬೋಗಿ… ಇದೆಲ್ಲ ನಿನಗೇ ಚೆನ್ನಾಗಿ ಗೊತ್ತು. ಮೊದಲ ದರ್ಜೆ ಬೋಗಿಯ ಕಿಟಕಿಗೆ ರೇಷ್ಮೆ ದಾರದಲ್ಲಿ ಪರದೆ ಹೊಲಿದು ಕೊಟ್ಟವಳು ನೀನು ತಾನೇ. ಬೆರಳುಗುರಿನಷ್ಟು ಪರದೆ! "ಅಕ್ಕಾ, ನೋಡು, ನನ್ನ ಸೊಸೆ ಕೈ ನೋಡು" ಅಂತ ಮನೆಯೆಲ್ಲ ಕುಣಿದ.

ನನಗೆ ಮುಟ್ಟೋಕೆ ಬಿಡ್ತಿರಲಿಲ್ಲ. "ನಿನ್ನ ಕೈ ಒರಟು ಅಕ್ಕಾ, ದೂರದಿಂದ ನೋಡು." ಒರಟಂತೆ. ಈ ಕೈ ಒರಟಾಗಿದ್ದು ಯಾರ ಬಟ್ಟೆ ಒಗೆದು?

ಇರಲಿ, ಇರಲಿ. ಅದನ್ನ ಹೇಳೋಕೆ ಬಂದಿದ್ದಲ್ಲ.

ಹನ್ನೊಂದನೆಯದು ಹೆಂಗಸರ ಬೋಗಿ, ಅದನ್ನ ಹುಡುಕೋಕೆ ಒಂಬತ್ತು ವರ್ಷ ತಗೊಂಡ ಪುಣ್ಯಾತ್ಮ! ಒಂದು ಸಲ ಬಂದಿತ್ತು, ಪೆಟ್ಟಿಗೆ ಬಿಚ್ಚಿದ, ನೋಡಿದ, ವಾಪಸ್ ಕಟ್ಟಿದ. ಸೂರಿನ ಮೇಲೆ ಗಾಳಿಕಿಂಡಿ ಎಂಟು ಇರಬೇಕಂತೆ, ಇದರಲ್ಲಿ ಆರೇ ಇದೆಯಂತೆ. ಹೆಣ್ಣು ನೋಡೋಕೆ ಹೋದವರೂ ಇಷ್ಟು ಕೊಂಕು ತೆಗೆಯಲ್ಲ. ಅವನೊಬ್ಬನೇ ಅಲ್ಲ, ಅವರ ಗುಂಪೇ ಹಾಗೆ. ಆ ಗಡಿಯಾರ ರಿಪೇರಿಯವನು ಇದಾನಲ್ಲ, ಬೋಗಿ ಕೂಡಿಹಾಕೋದರಲ್ಲಿ ಇವನ ಜೋಡಿ, ಅವನ ಹೆಂಡತಿ ಒಂದು ದಿನ ಬಿಕ್ಕಿ ಬಿಕ್ಕಿ ಅಳ್ತಾ ನನ್ನ ಹತ್ರ ಬಂದ್ಲು. "ಅಮ್ಮಾ, ನನ್ನ ಗಂಡನಿಗೆ ಎರಡನೇ ಸಂಸಾರ ಇದೆ, ಪ್ರತಿ ಭಾನುವಾರ ತಲೆ ಬಾಚ್ಕೊಂಡು ಹೋಗ್ತಾರೆ." ನನಗೆ ಬಿಡೋಕಾಗುತ್ತಾ? ಇಬ್ಬರೂ ಹಿಂದೆ ಹೋದ್ವಿ. ಗೋಡೆಗೆ ಒರಗಿ, ಬಾಗಿಲ ಸಂದಿಯಿಂದ ಇಣುಕಿದ್ರೆ, ನಾಲ್ಕು ಜನ ಮುದುಕರು ನೆಲದ ಮೇಲೆ ಮಂಡಿಯೂರಿ ಕೂತು, ಒಂದು ಬೋಗಿ ಉಲ್ಟಾ ಹಿಡ್ಕೊಂಡು, ಅದರ ಹೊಟ್ಟೆ ನೋಡ್ತಾ ಇದ್ದಾರೆ! ಅವಳಿಗೆ ಅವಮಾನ. ನನಗೆ ಬೇಜಾರು. ಅಷ್ಟು ದೂರ ನಡೆದು ಹೋಗಿದ್ದೆ.

ನಕ್ಕೆ! ನಕ್ಕೆ ನೀನು, ಸೂಜಿ ಅಲ್ಲಾಡಿತು. ಹಾಗಾದ್ರೆ ಪೂರ್ತಿ ಕಲ್ಲಾಗಿಲ್ಲ.

ಕೇಳು ಕಂದಾ. ಆ ಬೋಗಿ ಗುಂಪಿನವರೆಲ್ಲ ಹೋದ ಭಾನುವಾರ ಮನೆಗೆ ಬರೋದಿತ್ತು. ಹನ್ನೊಂದೂ ಸೇರಿದೆ, ನೋಡೋಣ ಅಂತ. ಶನಿವಾರ ಸಾಯಂಕಾಲ ನಿನ್ನ ಮಾವ ಗಾಜಿನ ಬೀರು ತೆಗೆದ. ತೆಗೆದು… ನಿಂತ. ಕೂಗಲಿಲ್ಲ. ಕೂಗಿದ್ರೆ ಚೆನ್ನಾಗಿತ್ತು. ಬೀರುವಿನ ಬಾಗಿಲು ಹಿಡ್ಕೊಂಡು ಒಂದೊಂದೇ ಬೋಗಿಯನ್ನ ಕಣ್ಣಿನ ಹತ್ರ ತಂದು ನೋಡಿದ. ಹನ್ನೊಂದು ಬೋಗಿನೂ ಪಳಪಳ ಹೊಳೀತಿತ್ತು. ತೊಳೆದು, ತಿಕ್ಕಿ, ಒರೆಸಿ ಸಾಲಾಗಿ ಇಟ್ಟಿತ್ತು.

ನಾನು ಕೇಳಿದೆ, "ಯಾಕೋ, ಚೆನ್ನಾಗೇ ಇದೆಯಲ್ಲೋ?" ಅವನು ಅಂದ, "ಅಕ್ಕಾ, ಅದರ ಮೇಲೆ ಕೊಳೆ ಇತ್ತು." "ಅದಕ್ಕೇ ತಾನೇ ತೊಳೆದ… ತೊಳೆದಿರ್ತಾರೆ" ಅಂದೆ. "ಆ ಕೊಳೆ ನಾನು ಬರೆದದ್ದು ಅಕ್ಕಾ."

ಬರೆದದ್ದಂತೆ! ಕೇಳಿದ್ದೀಯಾ ಇಂಥದ್ದನ್ನ? ನೀನು ಕೇಳಿದ್ದೀಯ, ನೀನು ಪಕ್ಕದಲ್ಲೇ ಕೂತಿರ್ತಿದ್ದೆ. ನನಗೆ ಹೇಗೆ ಗೊತ್ತಾಗಬೇಕು? ಬಾಗಿಲು ಹಾಕ್ಕೊಂಡು ಒಳಗೆ ಕೂತಿರ್ತಿದ್ರಿ ಮಾವ ಸೊಸೆ ಇಬ್ಬರೂ. ಹೊಸದಾಗಿ ಹೊಳೀತಾ ಬಂದ ಬೋಗಿ ಆರು ತಿಂಗಳಿಗೆ ಮಸಿ ಹಿಡಿದ ಪಾತ್ರೆ ಥರ ಆಗ್ತಿತ್ತು. ಧೂಳು ಒರೆಸೋಕೆ ಗತಿ ಇಲ್ಲ ಈ ಮನೆಯಲ್ಲಿ ಅಂದ್ಕೊಳ್ತಿದ್ದೆ. ಒಂದು ಕೂದಲಿನ ಕುಂಚ ಹಿಡ್ಕೊಂಡು, ಹೊಗೆಯ ಕಪ್ಪು ಎಲ್ಲಿ ಕೂತಿರುತ್ತೆ, ತುಕ್ಕು ಎಲ್ಲಿ ಇಳಿದಿರುತ್ತೆ, ಮೆಟ್ಟಿಲ ಹತ್ರ ಜನರ ಕೈಜಿಡ್ಡು ಎಷ್ಟಿರುತ್ತೆ ಅಂತ ನೆನಪಿಸ್ಕೊಂಡು ನೆನಪಿಸ್ಕೊಂಡು ಕೊಳೆ ಹಚ್ಚೋ ಮನುಷ್ಯ ಇರ್ತಾನೆ ಅಂತ ಯಾರಾದ್ರೂ ಅಂದ್ಕೊಳ್ತಾರಾ? ಜೀವಮಾನವೆಲ್ಲ ಕೊಳೆ ತೆಗೆದವನು!

ಆಮೇಲೆ ಕೇಳಿದ, ಯಾರು ತೊಳೆದದ್ದು ಅಂತ. ಬೀರುವಿನ ಬೀಗದ ಕೈ ಇದ್ದದ್ದು ನಿನ್ನ ಹತ್ರ. ಹಾಗಾಗಿ ನಾನು… ಹಾಗಾಗಿ ಅವನು ನಿನ್ನ ಕೇಳಿದ. ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದೆ, ಯಾರು ಬೇಕಾದ್ರೂ ತಗೋಬಹುದಿತ್ತು ಅಂತೀಯಾ? ನೀನೇನೂ ಅನ್ನಲಿಲ್ಲ ಬಿಡು, ನಿನ್ನ ಕಣ್ಣು ಅಂದಿತು. ಆವತ್ತೂ ಅಷ್ಟೇ, "ನಾನಲ್ಲ ಮಾವ" ಅಂತ ಒಂದೇ ಮಾತು ಅಂದು ಸುಮ್ಮನಾದೆ. ಜಗಳ ಆಡಬೇಕಿತ್ತು ಕಣೇ! ಅರಚಬೇಕಿತ್ತು! ಹಾಗೆ ತಣ್ಣಗೆ ನಿಂತ್ರೆ ಯಾರಿಗೆ ತಾನೇ ಅನುಮಾನ ಬರಲ್ಲ? ನಿನ್ನ ಗಂಡ ಅಪ್ಪನ ಮೇಲೆ ಹಾರಿದ, ಅಪ್ಪ ಮಗನ ಮೇಲೆ ಹಾರಿದ, ಗಂಟು ಮೂಟೆ ಕಟ್ಟಿದ್ದಾಯ್ತು.

ತೊಟ್ಟಿಲ ಮಾತು… ಹೌದು, ಆ ಮಾತು ಆಡಿದ್ದು ನಾನು. ನಿನ್ನ ಮಾವನ ಹತ್ರ. "ಮೊನ್ನೆ ತೊಟ್ಟಿಲು ಎಲ್ಲಿಡೋದು ಅಂತ ಬೀರು ಕಡೆಗೇ ನೋಡ್ತಿದ್ಲಪ್ಪ" ಅಂದೆ. ನೋಡ್ತಿದ್ದೆ ತಾನೇ ನೀನು? ನೋಡಿದ್ದನ್ನ ನೋಡಿದೆ ಅಂದೆ. ನನ್ನ ನಾಲಗೆ ಬಿದ್ದುಹೋಗ.

ತಡಿ, ಕತ್ತರಿ ಕೆಳಗಿಡು. ಮುಖ್ಯವಾದದ್ದು ಈಗ ಬರುತ್ತೆ.

ಆ ಹೆಂಗಸರ ಬೋಗಿ ಇದೆಯಲ್ಲ, ಅದರ ನಾಲ್ಕನೇ ಕಿಟಕಿ. ಇವತ್ತು ಬೆಳಿಗ್ಗೆ ಗಡಿಯಾರದವನು ಬಂದಿದ್ದ. ನಾನು ಬಾಗಿಲ ಆಚೆ ಇದ್ದೆ… ಸುಮ್ಮನೆ ಇದ್ದೆ, ನೆಲ ಒರೆಸ್ತಾ. ನಿನ್ನ ಮಾವ ಅವನಿಗೆ ಹೇಳಿದ. ಹಸಿರು ಗಾಡಿ ಒಂದು ದಿನ ಕಾರ್ಖಾನೆ ಪಕ್ಕದ ನಿಲ್ದಾಣದಲ್ಲಿ ನಿಂತಿತ್ತಂತೆ. ಮೈಯೆಲ್ಲ ಧೂಳು, ಗಾಜೆಲ್ಲ ಮಬ್ಬು. ಇವನು ಕೈಯಲ್ಲಿ ಬಣ್ಣ ಒರೆಸೋ ಬಟ್ಟೆ ಹಿಡ್ಕೊಂಡು ಪಕ್ಕದಲ್ಲಿ ಹೋಗ್ತಿದ್ದನಂತೆ. ಹೆಂಗಸರ ಬೋಗಿಯೊಳಗೆ ಯಾರೋ ಹುಡುಗಿ ನಗೋದು ಕೇಳಿಸಿತಂತೆ. ಕೇಳಿಸಿತು ಅಂತ ಮುಂದೆ ಹೋಗೋದು ಬಿಟ್ಟು, ಈ ಮಹಾರಾಯ, ಕೆಲಸದವನ ಥರ ನಟಿಸ್ಕೊಂಡು, ಆ ಒಂದು ಕಿಟಕಿಯ ಗಾಜನ್ನ ಮಾತ್ರ ಬಟ್ಟೆಯಿಂದ ದುಂಡಗೆ ಒರೆಸಿ ಒಳಗೆ ಇಣುಕಿದನಂತೆ! ಹೆಂಗಸರ ಬೋಗಿಗೆ! ನನ್ನ ತಮ್ಮ! ಆ ಕಡೆಯಿಂದ ಅವಳೂ ಇಣುಕಿದ್ಲಂತೆ. ಅವಳೇ ನಿನ್ನ ಅತ್ತೆ. ಹೋಗಿಬಿಟ್ಲಲ್ಲ, ಪಾಪ, ನೀನು ನೋಡೇ ಇಲ್ಲ ಅವಳನ್ನ.

ನಲವತ್ತು ವರ್ಷ ಕಣೇ. ಮದುವೆ ಹೇಗೆ ಕೂಡಿತು ಅಂತ ನಾನು ಕೇಳದ ದಿನ ಇಲ್ಲ. "ಯಾರೋ ಹೇಳಿದ್ರು ಅಕ್ಕಾ" ಅಂತಿದ್ದ. ಊರಿನವರ ಮನೆಯ ಮಂಚದ ಕೆಳಗೆ ಏನಿದೆ ಅಂತ ಹೇಳಬಲ್ಲೆ ನಾನು. ನನ್ನ ಮನೆಯ ಈ ಕಥೆ ನನಗೆ ಗೊತ್ತಾಗಿದ್ದು ಬಾಗಿಲ ಸಂದಿಯಿಂದ.

ನಿನಗೆ ಗೊತ್ತಿತ್ತಾ?

…ಗೊತ್ತಿತ್ತು. ತಲೆ ತಗ್ಗಿಸಿಬಿಟ್ಟೆ. ನಿನಗೆ ಹೇಳಿದಾನೆ.

ಬೋಗಿಯೆಲ್ಲ ಕೊಳೆ ಹಚ್ಚಿ, ಆ ನಾಲ್ಕನೇ ಕಿಟಕಿಯಲ್ಲಿ ಮಾತ್ರ ಸಾಸಿವೆಕಾಳಿನಷ್ಟು ದುಂಡಗೆ ಸೂಜಿ ತುದಿಯಿಂದ ಕೆರೆದು ಬಿಟ್ಟಿದ್ದನಂತೆ. ನಿನ್ನ ಸೂಜಿಯೇ ಅಂತೆ. ಈಗ ಎಲ್ಲ ಕಿಟಕಿನೂ ಒಂದೇ ಥರ ಹೊಳೀತವೆ. ಎಲ್ಲಿಂದ ನೋಡಿದ್ನೋ ಅವನಿಗೇ ಗೊತ್ತಾಗಲ್ಲ. ಆದ್ರೆ ದೀಪಕ್ಕೆ ಓರೆ ಹಿಡಿದ್ರೆ ಆ ಗೀರಿನ ಸುತ್ತು ಇನ್ನೂ ಒಂಚೂರು ಕಾಣುತ್ತಂತೆ. ಅದೊಂದು ಉಳಿದಿದೆ. ಅದೂ ಹೋಗ್ತಾ ಇದೆ ಕಣೇ! ಕಿಟಕಿಯ ಆ ತೆಳು ಪ್ಲಾಸ್ಟಿಕ್ ಸೀಳು ಬಿಡ್ತಾ ಇದೆ, ಕೂದಲೆಳೆ ಥರ. ದಿನಾ ಒಂದೊಂದು ಹೊಸದು. ಆ ಬೋಗಿಗೆ ಎಂಟು ಕಿಟಕಿ, ಎರಡೂ ತುದಿಯಿಂದ ಬಿರುಕು ಬರ್ತಾ ಬರ್ತಾ ಈಗ ಮೂರನೆಯದಕ್ಕೆ ಬಂದಿದೆ. ಗಡಿಯಾರದವನು ಅಂದ, ಏನೋ ತಾಗಿದೆ ಇದಕ್ಕೆ, ಏನು ತಾಗಿದೆ ಅಂತ ಗೊತ್ತಾದ್ರೆ ಅದಕ್ಕೆ ತಕ್ಕ ಹಾಗೆ ತೆಗೀಬಹುದು, ಗೊತ್ತಿಲ್ಲದೆ ಕೈ ಹಾಕಿದ್ರೆ ಉಳಿದದ್ದೂ ಕರಗಿಹೋಗುತ್ತೆ. ಸೋಪಾದ್ರೆ ಒಂದು ರೀತಿ, ಎಣ್ಣೆಯಾದ್ರೆ ಇನ್ನೊಂದು ರೀತಿ. ನಾಳೆಗೆ ಬಿಟ್ರೆ ಆಗಲ್ಲ ಅಂದ.

ನಿನ್ನ ಮಾವ ಎದ್ದು ಬಾಗಿಲ ಹತ್ರ ಬಂದ. ನನ್ನನ್ನೇ ನೋಡ್ತಾ ಅಂದ, "ಯಾರು ಅಂತ ನಾನು ಕೇಳಲ್ಲ ಅಕ್ಕಾ. ಯಾವುದರಲ್ಲಿ ತೊಳೆದ್ರು ಅಂತ ಹೇಳಿದ್ರೆ ಸಾಕು." ನನ್ನನ್ನ ಯಾಕೆ ಕೇಳಬೇಕು ಹೇಳು? ನಾನು ಅಂದೆ, "ಅವಳನ್ನೇ ಕೇಳ್ಕೊಂಡು ಬರ್ತೀನಿ ಇರು."

ಅದಕ್ಕೇ ಬಂದೆ. ಒಂದೇ ಒಂದು ಮಾತು ಕಣೇ ಕಂದಾ. ನಿನ್ನ ಕಾಲು ಹಿಡ್ಕೋತೀನಿ. ಬಂದು ಹೇಳ್ಬಿಡು. "ಮಾವ, ತಪ್ಪಾಯ್ತು, ನಾನೇ ತೊಳೆದೆ" ಅಂತ. ಅವನು ಬಯ್ಯಲ್ಲ, ನಿನ್ನ ಕಂಡ್ರೆ ಪ್ರಾಣ ಅವನಿಗೆ. ಹೊಟ್ಟೆಯಲ್ಲಿ ಮಗು ಬೇರೆ ಇದೆ, ಎರಡೇ ದಿನಕ್ಕೆ ಮರೀತಾನೆ. ನನ್ನನ್ನಾದ್ರೆ ಮರೆಯಲ್ಲ… ಅಂದ್ರೆ, ವಯಸ್ಸಾದವರ ತಪ್ಪನ್ನ ಯಾರು ಮರೀತಾರೆ ಅಂತ, ಮಾತಿಗೆ ಹೇಳಿದೆ. ನೀನು ಹೇಳಬೇಕಾದ್ದು ಇಷ್ಟೇ, ಮನಸ್ಸಿನಲ್ಲಿ ಇಟ್ಕೋ, ತಪ್ಪಬಾರದು, ತಪ್ಪಿದ್ರೆ ಕಿಟಕಿ ಹೋಗುತ್ತೆ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಸೋಪು, ಹಳೇ ಹಲ್ಲುಜ್ಜೋ ಬ್ರಷ್ಷು. ಬೇರೆ ಬೋಗಿಯ ಕೊಳೆಯೆಲ್ಲ ಅಷ್ಟಕ್ಕೇ ಬಿಟ್ಟುಹೋಯ್ತು. ಹೆಂಗಸರ ಬೋಗಿ ಮಾತ್ರ ಬಿಡಲಿಲ್ಲ, ಅದರ ಕೊಳೆ ಗಟ್ಟಿ ಕೂತಿತ್ತು, ಅದಕ್ಕೆ ಹತ್ತಿಯುಂಡೆಯಲ್ಲಿ ಸೀಮೆಎಣ್ಣೆ. ಎರಡು ಸಲ. ಕಿಟಕಿಯ ಮೂಲೆಗೆ ಕಡ್ಡಿ ತುದಿಗೆ ಹತ್ತಿ ಸುತ್ತಿ. ಆಮೇಲೆ ನೀರಿನಲ್ಲಿ ಅದ್ದಿದ್ದು ಅಷ್ಟೇ, ಎಣ್ಣೆ ಹೋಗೋ ಹಾಗೆ ತೊಳೆದಿಲ್ಲ. ಅಷ್ಟು ಹೇಳು, ಸಾಕು. ಎಲ್ಲಿ, ಒಂದು ಸಲ ಹೇಳು ನೋಡೋಣ…

ಯಾಕೆ ಮಿಷನ್ ನಿಲ್ಲಿಸಿದೆ?

ಸೂಜಿ ಯಾಕೆ ತೆಗೀತಿದ್ದೀಯ? ಒಂದೊಂದಾಗಿ… ತೆಗೆದದ್ದಾಯ್ತಲ್ಲ, ಈಗ ಬಾಯಿ ಖಾಲಿ ಇದೆ, ಈಗ ಮಾತಾಡು. ಏನಾದ್ರೂ ಅನ್ನು. "ನಿಮಗೆ ಹೇಗೆ ಗೊತ್ತು" ಅಂತಾದ್ರೂ ಕೇಳು, ಅದಕ್ಕೆ ಉತ್ತರ ಇದೆ ನನ್ನ ಹತ್ರ. ನಾನು ನೋಡಿದೆ. ಅಡುಗೆಮನೆ ಕಿಟಕಿಯಿಂದ ನೋಡಿದೆ, ನೀನು ತೊಳೀತಾ ಇದ್ದೆ, ಶನಿವಾರ ಮಧ್ಯಾಹ್ನ…

ಹ್ಞಾ. ಶನಿವಾರ ನೀನು ಇಲ್ಲೇ ಇದ್ದೆ. ಸಾಯಂಕಾಲದವರೆಗೂ. ಹೌದು. ಗೋಡೆ ಮೇಲೆ ಅಂಗಡಿಯ ಹಾಜರಿ ಪುಸ್ತಕ ನೇತಾಡ್ತಿದೆ, ನೋಡಿದೆ, ನನಗೆ ಓದೋಕೆ ಬರಲ್ಲ ಅಂದ್ಕೊಂಡಿದ್ದೀಯ, ಅಷ್ಟು ಬರುತ್ತೆ.

ಹಾಗೆ ನೋಡಬೇಡವೇ.

ಬಯ್ಯಿ. ಒಂದು ಸಲ ಬಯ್ದುಬಿಡು, ಮುದಿಗೂಬೆ ಅನ್ನು, ಮನೆಹಾಳಿ ಅನ್ನು, ನಾನು ಎಷ್ಟು ಜನಕ್ಕೆ ಅಂದಿಲ್ಲ ಹಾಗೆ. ಸುಮ್ಮನೆ ಕೂತ್ಕೋಬೇಡ… ಆಯ್ತು. ಆಯ್ತು ಕಣೇ! ನಾನೇ! ನಾನೇ ತೊಳೆದದ್ದು, ಸಾಕಾ?

ಹಾಳು ಮಾಡೋಕೆ ಅಂತ ತೊಳೆದೆನಾ? ನಾಲ್ಕು ಜನ ಬರ್ತಾರೆ, ಕೊಳಕು ಬೋಗಿ ನೋಡಿ ನನ್ನ ತಮ್ಮನ ಬೆನ್ನ ಹಿಂದೆ ನಗ್ತಾರೆ ಅಂದ್ಕೊಂಡೆ. ಜನ ಹೇಗೆ ನಗ್ತಾರೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸ್ಕೂಲಿಗೆ ಹೋಗೋವಾಗ ಅವನ ಮುಖ ಉಜ್ಜಿ ಉಜ್ಜಿ ಕಳಿಸ್ತಿದ್ದವಳು ನಾನು, ಕೆನ್ನೆ ಕೆಂಪಾಗೋ ಹಾಗೆ. ಹಾಗೇ ಉಜ್ಜಿದೆ. ಮತ್ತೆ… ಮತ್ತೆ ಒಂದು ಸಲ ಕೈಯಲ್ಲಿ ಹಿಡಿಯೋ ಆಸೆ ಇತ್ತು ಕಣೇ. ಮನೆಯಲ್ಲಿ ಯಾರೂ ಇರಲಿಲ್ಲ. ಬೀಗದ ಕೈ ಮೊಳೆಯ ಮೇಲಿತ್ತು. ಎಷ್ಟು ಹಗುರ ಇತ್ತು ಗೊತ್ತಾ, ಹಕ್ಕಿಮರಿ ಹಿಡಿದ ಹಾಗೆ. ಒಂದೂ ಕೆಳಗೆ ಬೀಳಿಸಲಿಲ್ಲ. ಹನ್ನೊಂದರಲ್ಲಿ ಒಂದೂ ಬೀಳಿಸಲಿಲ್ಲ ಈ ಒರಟು ಕೈಯಲ್ಲಿ. ಅವನು ಬಂದು "ಯಾರು ತೊಳೆದದ್ದು" ಅಂದಾಗ "ನಾನೇ ಕಣೋ" ಅಂತ ಹೇಳಬೇಕು ಅಂತಲೇ ಸಂಭ್ರಮದಿಂದ ಕಾಯ್ಕೊಂಡು ಕೂತಿದ್ದೆ. ಅವನ ಮುಖ ನೋಡಿದೆ, ನಾಲಗೆಗೆ ನಿನ್ನ ಹೆಸರು ಬಂತು. ಯೋಚನೆ ಮಾಡಿ ಹೇಳಿದ್ದಲ್ಲ. ತಾನಾಗಿ ಬಂತು. ಅಷ್ಟು ವರ್ಷದ ಅಭ್ಯಾಸ.

ಎಲ್ಲಿಗೆ ಎದ್ದೆ? ಬರ್ತೀಯಾ ನನ್ನ ಜೊತೆ? ಚಪ್ಪಲಿ… ಇಲ್ವಾ. ಮತ್ತೇನು ಹುಡುಕ್ತಿದ್ದೀಯ?

ಅಯ್ಯೋ, ಫೋನು ಬೇಡ ಕಣೇ. ಫೋನು ಬೇಡ, ನಾನು ಮನೆಗೆ ಹೋಗಿ ಹೇಳ್ತೀನಿ, ದಾರಿಯಲ್ಲಿ ಹೇಗೆ ಹೇಳೋದು ಅಂತ ಜೋಡಿಸ್ಕೋತೀನಿ, ಬಸ್ಸಿನಲ್ಲಿ ಕೂತು… ಅಷ್ಟರಲ್ಲಿ ನಾಲ್ಕನೆಯದಕ್ಕೂ ಬಂದುಬಿಡುತ್ತಾ ಬಿರುಕು? ಹ್ಞಾ? ಬಂದುಬಿಡುತ್ತಾ?

ನೀನೇ ಹೇಳು, ನಿನ್ನ ದಮ್ಮಯ್ಯ. ನೀನು ಹೇಳಿದ್ರೆ… ಯಾಕೆ ನನ್ನ ಕೈಗೆ ಕೊಡ್ತೀಯ? ನಂಬರ್ ಬೇರೆ ಒತ್ತಿಬಿಟ್ಟಿದ್ದೀಯ. ಹಿಡ್ಕೋ, ನನ್ನ ಕೈ ಹಿಡ್ಕೋ. ಹಾಗೆ.

ಹಲೋ?

ನಾನು ಕಣೋ, ಅಕ್ಕ. ಇಲ್ಲ, ಅವಳು ಏನೂ ಹೇಳಲಿಲ್ಲ. ಅವಳಿಗೆ ಹೇಳೋಕೆ ಏನೂ ಇಲ್ಲ. ಕೇಳಿಸ್ಕೋ, ಗಡಿಯಾರದವನನ್ನ ಕರೆಸು, ಈಗಲೇ ಕರೆಸು. ಸೀಮೆಎಣ್ಣೆ ಕಣೋ. ಹೆಂಗಸರ ಬೋಗಿಗೆ ಸೀಮೆಎಣ್ಣೆ, ಹತ್ತಿಯಲ್ಲಿ, ಎರಡು ಸಲ… ಮಿಕ್ಕದ್ದಕ್ಕೆಲ್ಲ ಸೋಪು. ನಾನೇ.

…

ಹಲೋ? ಇದ್ದೀಯಾ? ಮಗೂ, ನೀನೂ ಹಾಗೆ ಸುಮ್ಮನಿರಬೇಡವೋ… ಹಲೋ?